ಪಾದರಸದ ರೋಧ ಸೊನ್ನೆಯಾದದ್ದನ್ನು ಮೊದಲು ಕಂಡದ್ದು ಯಾರು? ಕಾಮರ್ಲಿಂಗ್ ಒನ್ನೆಸ್ ಬಗ್ಗೆ ಒಂದು ಅನುಮಾನ

ಪಿಯು_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡ್ತೀನಿ. ಮೊನ್ನೆ ವಿದ್ಯುತ್ ಪ್ರವಾಹದ ಪಾಠ ಮಾಡ್ತಾ, ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಸಾಲನ್ನೇ ಹೇಳಿದೆ: "1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ವರೆಗೆ ತಣಿಸಿ ಅತಿವಾಹಕತೆ ಕಂಡುಹಿಡಿದ, ಅದಕ್ಕೆ 1913ರಲ್ಲಿ ನೊಬೆಲ್ ಬಂತು." (ಅತಿವಾಹಕತೆ ಅಂದರೆ ವಿದ್ಯುತ್ ಹರಿಯೋದಕ್ಕೆ ಇರುವ ರೋಧ, ಅಂದರೆ ತಡೆ, ಪೂರ್ತಿ ಸೊನ್ನೆಯಾಗೋದು.) ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಸರ್, ಮೀಟರ್ ಮುಂದೆ ಅವರೇ ಕೂತಿದ್ರಾ?" ಅಂದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು ಮುಂದಕ್ಕೆ ಹೋದೆ.

ಮನೆಗೆ ಬಂದ ಮೇಲೆ ತಡೆಯಲಿಲ್ಲ. ಹುಡುಕಿದರೆ ಹೋಲ್ಸ್ಟ್ ಅಂತ ಇನ್ನೊಂದು ಹೆಸರು ಸಿಗ್ತಿದೆ. ಹಾಗಾದರೆ ನನ್ನ ಸಾಲು ತಪ್ಪಾ? ಸೋಮವಾರ ಆ ಹುಡುಗಿಗೆ ಉತ್ತರ ಕೊಡಬೇಕು. ಜೊತೆಗೆ ಆ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯೋದು ಅಂತಲೂ ಯಾರಾದರೂ ಹೇಳಿ. ನಾಲ್ಕು ಪುಸ್ತಕದಲ್ಲಿ ನಾಲ್ಕು ಥರ ಇದೆ.

ತುಂಗಾತೀರ
ಮೇಷ್ಟ್ರೇ, ಹೋಲ್ಸ್ಟ್ ವಿಷಯ ಆಮೇಲೆ. ಮೊದಲು ನೊಬೆಲ್ ಸಾಲನ್ನೇ ಅಳಿಸಿ. 1913ರ ಪ್ರಶಸ್ತಿ ಬಂದದ್ದು ಕಡಿಮೆ ಉಷ್ಣತೆಯಲ್ಲಿ ವಸ್ತುಗಳ ಗುಣವನ್ನು ಶೋಧಿಸಿದ್ದಕ್ಕೆ, ಅದರ ಫಲವಾಗಿ ದ್ರವ ಹೀಲಿಯಂ ತಯಾರಿಸಿದ್ದಕ್ಕೆ. (ಪಾದರಸವನ್ನು ಅಷ್ಟು ತಣಿಸಿದ್ದು ಆ ದ್ರವ ಹೀಲಿಯಂನಿಂದಲೇ.) ಪ್ರಶಸ್ತಿಯ ಒಕ್ಕಣೆಯಲ್ಲಿ ಅತಿವಾಹಕತೆ ಅನ್ನೋ ಪದವೇ ಇಲ್ಲ. ನೊಬೆಲ್ ಭಾಷಣದಲ್ಲಿ ಅದನ್ನೂ ಹೇಳಿದ್ದಾರೆ, ಆ ಮಾತು ಬೇರೆ.

ಗೋಳಿಬಜೆ
ಇಪ್ಪತ್ತು ವರ್ಷದ ಮಕ್ಕಳೆಲ್ಲ ಈಗ ಮಾರ್ಕ್ಸ್ ವಾಪಸ್ ಕೊಡಬೇಕಾ ಮಾರಾಯ್ರೆ? 😀

ಪಿಯು_ಮೇಷ್ಟ್ರು
@ತುಂಗಾತೀರ ಅಯ್ಯೋ. ಒಂದು ತಪ್ಪು ಕೇಳೋಕೆ ಬಂದೆ, ಎರಡು ಸಿಕ್ಕಿತು.

ಐಂಡ್‌ಹೋವನ್_ಕನ್ನಡಿಗ
ಹೆಸರಿನ ವಿಷಯ ನನಗೆ ಬಿಡಿ, ಒಂಬತ್ತು ವರ್ಷದಿಂದ ಹಾಲೆಂಡಿನಲ್ಲೇ ಇದ್ದೀನಿ. ಹೈಕೆ ಕಾಮರ್ಲಿಂಗ್ ಒನ್ನೆಸ್. "ಕಾ" ದೀರ್ಘ, "ಒ" ಹ್ರಸ್ವ, ನಮ್ಮ "ಒನಕೆ"ಯ ಒ. ಓನ್ಸ್ ಅಲ್ಲ, ಓನೀಸ್ ಅಲ್ಲ, ಕ್ಯಾಮರಾ ಅಂತೂ ಅಲ್ಲವೇ ಅಲ್ಲ. ಇಂಗ್ಲಿಷಿಗೆ ಒ-ಓ ಭೇದ ಬರೆಯೋಕೆ ಬರಲ್ಲ, ನಮಗೆ ಬರುತ್ತೆ. ಇರುವ ಅಕ್ಷರ ಬಳಸೋಕೆ ಏನು ಕಷ್ಟ? ಇನ್ನೊಂದು ವಿಷಯ: "ಕಾಮರ್ಲಿಂಗ್ ಒನ್ನೆಸ್" ಎರಡೂ ಸೇರಿ ಮನೆತನದ ಹೆಸರು. ಬರೀ "ಒನ್ನೆಸ್" ಅಂದರೆ ಅರ್ಧ ಹೆಸರು ಕರೆದ ಹಾಗೆ.

ಇಲ್ಲಿನ ಲೈಡನ್ ಊರಿನಲ್ಲಿ ಅವರ ಹಳೇ ಪ್ರಯೋಗಾಲಯದ ಕಟ್ಟಡ ಈಗಲೂ ಇದೆ, ಅವರ ಹೆಸರೇ ಇಟ್ಟಿದ್ದಾರೆ. ಒಳಗೆ ಹೋದರೆ ಏನಿರುತ್ತೆ ಊಹಿಸಿ? ಕಾನೂನು ವಿಭಾಗ! ಹೀಲಿಯಂ ದ್ರವವಾದ ಜಾಗದಲ್ಲಿ ಈಗ ಹುಡುಗರು ಕಾಂಟ್ರಾಕ್ಟ್ ಆಕ್ಟ್ ಓದ್ತಾರೆ. ಯಂತ್ರ ನೋಡಬೇಕಂದ್ರೆ ಅದೇ ಊರಿನ ಬೂರ್ಹಾವೆ ಮ್ಯೂಸಿಯಂಗೆ ಹೋಗಬೇಕು.

ಸುಮ್ನೆ_ಓದೋನು
ಅರ್ಧ ಹೆಸರಾದರೂ ಸರಿ, ನಾನು ಒನ್ನೆಸ್ ಅಂತಲೇ ಬರೆಯೋದು. ಟೈಪ್ ಮಾಡಿ ಬೆರಳು ನೋಯುತ್ತೆ.

ತುಂಗಾತೀರ
ಈಗ ಹೋಲ್ಸ್ಟ್. 1911ರ ಏಪ್ರಿಲ್ 8ರಂದು ಆ ಪ್ರಯೋಗಾಲಯದಲ್ಲಿ ಯಾರ್ಯಾರು ಎಲ್ಲೆಲ್ಲಿದ್ದರು ಅನ್ನೋದು ಈಗ ಸಾಕಷ್ಟು ಸ್ಪಷ್ಟ ಇದೆ. ಒನ್ನೆಸ್ ಅವರ ನೋಟ್‌ಬುಕ್‌ಗಳು ಉಳಿದಿವೆ, ಪೆನ್ಸಿಲ್ ಬರಹ, ಓದೋಕೆ ಪ್ರಾಣ ಹೋಗುತ್ತೆ. ಡರ್ಕ್ ಫಾನ್ ಡೆಲ್ಫ್ಟ್ ಮತ್ತು ಪೀಟರ್ ಕೆಸ್ ಅನ್ನೋ ಇಬ್ಬರು ಕೂತು ಓದಿ 2010ರಲ್ಲಿ ಬರೆದರು. ಹೀಲಿಯಂ ಯಂತ್ರದ ಹತ್ತಿರ ಒನ್ನೆಸ್ ಮತ್ತು ತಂತ್ರಜ್ಞರ ಮುಖ್ಯಸ್ಥ ಹೆರಿಟ್ ಫ್ಲಿಮ್. ಉಷ್ಣತೆ ಅಳೆಯೋಕೆ ಡೋರ್ಸ್‌ಮನ್. ಪಂಪುಗಳ ಅದುರು ತಾಗಬಾರದು ಅಂತ ಎರಡು ಕೋಣೆ ಆಚೆಗೆ ಗ್ಯಾಲ್ವನೋಮೀಟರ್ ಇಟ್ಟುಕೊಂಡು ಕೂತವನು ಹಿಲ್ಲೆಸ್ ಹೋಲ್ಸ್ಟ್. ರೋಧ ಬಿದ್ದದ್ದನ್ನು ಮೊದಲು ನೋಡಿದ ಕಣ್ಣು ಅವನದು. ನೋಟ್‌ಬುಕ್‌ನಲ್ಲಿ "ಪಾದರಸ ಹೆಚ್ಚುಕಮ್ಮಿ ಸೊನ್ನೆ" ಅಂತ ಬರೆದ ಕೈ ಒನ್ನೆಸ್‌ದು.

ಆದ್ದರಿಂದ ಹುಡುಗಿಯ ಪ್ರಶ್ನೆಗೆ ನೇರ ಉತ್ತರ: ಇಲ್ಲಮ್ಮ, ಮೀಟರ್ ಮುಂದೆ ಅವರು ಕೂತಿರಲಿಲ್ಲ.

ಅರ್ಧಜೀವಿ
ಸಂಶೋಧನಾ ಪ್ರಬಂಧದಲ್ಲಿ ಹೆಸರು ಮಾತ್ರ ಒಬ್ಬರದೇ. ಹೋಲ್ಸ್ಟ್‌ಗೆ ಒಂದು ಸಾಲಿನ ಧನ್ಯವಾದ. ಗದ್ದೆ ಉತ್ತವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. ಇದು ಗೇಣಿ ಪದ್ಧತಿಯಲ್ಲದೆ ಇನ್ನೇನು?

ತುಂಗಾತೀರ
@ಅರ್ಧಜೀವಿ ಇಂದಿನ ಕನ್ನಡಕ ಹಾಕಿಕೊಂಡು 1911 ನೋಡಬೇಡಿ. ಆಗ ಪ್ರಾಧ್ಯಾಪಕನ ಹೆಸರಲ್ಲೇ ಬರೋದು ರೂಢಿ. ಅಲ್ಲದೆ ಪಾದರಸವನ್ನೇ ಯಾಕೆ ಆರಿಸಿದರು? ಮೊದಲು ಪ್ಲಾಟಿನಂ, ಚಿನ್ನ ನೋಡಿದ್ದರು. ಎಷ್ಟು ತಣಿಸಿದರೂ ಸ್ವಲ್ಪ ರೋಧ ಉಳಿದೇ ಉಳೀತಿತ್ತು. ಅದು ಲೋಹದಲ್ಲಿರೋ ಕಲ್ಮಷದಿಂದ ಅಂತ ಊಹಿಸಿ, ಬಟ್ಟಿ ಇಳಿಸಿ ಇಳಿಸಿ ಶುದ್ಧ ಮಾಡಬಹುದಾದ ಲೋಹ ಅಂತ ಪಾದರಸಕ್ಕೆ ಬಂದರು. ಲಾರ್ಡ್ ಕೆಲ್ವಿನ್‌ನಂಥ ದೊಡ್ಡ ವಿಜ್ಞಾನಿಗಳು ಏನಂದಿದ್ದರು? ಅಷ್ಟು ಚಳಿಗೆ ಎಲೆಕ್ಟ್ರಾನ್‌ಗಳೇ ಹೆಪ್ಪುಗಟ್ಟಿ ರೋಧ ಅನಂತಕ್ಕೆ ಹೋಗುತ್ತೆ ಅಂತ! ಪ್ರಶ್ನೆ ಯಾರದು ಅನ್ನೋದೂ ಲೆಕ್ಕಕ್ಕೆ ಬರಬೇಕಲ್ಲ. ಮೀಟರ್ ನೋಡಿದವನೇ ಶೋಧಕ ಅಂದರೆ, ಬೆಸ್ಕಾಂ ಮೀಟರ್ ರೀಡರ್‌ಗೂ ಒಂದು ನೊಬೆಲ್ ಕೊಡಬೇಕಾಗುತ್ತೆ.

ಗೋಳಿಬಜೆ
ನಮ್ಮ ಮೀಟರ್ ರೀಡರಿಗೆ ಬೇಡ. ಮನೆ ಬೀಗ ಹಾಕಿದ್ದಾಗಲೂ ರೀಡಿಂಗ್ ಬರೆದು ಹೋಗ್ತಾನೆ. ಅದು ಸೈದ್ಧಾಂತಿಕ ಭೌತಶಾಸ್ತ್ರ.

ಕೊಳವೆ_ಕೈ
ತುಂಗಾತೀರ ಅವರೇ, ಆ ಮೀಟರ್ ರೀಡರ್ ಮಾತು ನನಗೆ ಚುಚ್ಚಿತು. ಯಾಕೆ ಅಂತ ಹೇಳ್ತೀನಿ.

ನಾನು ಮೂವತ್ತೊಂದು ವರ್ಷ ಒಂದು ಸಂಶೋಧನಾ ಸಂಸ್ಥೆಯ ಗಾಜಿನ ವಿಭಾಗದಲ್ಲಿದ್ದೆ, ಗ್ಲಾಸ್‌ಬ್ಲೋವರ್. ಹೆಸರು ಬೇಡ. ವಿಜ್ಞಾನಿಗಳು ಒಂದು ಚೀಟಿ ಮೇಲೆ ಗೀಚಿ ತರೋರು, "ಹಿಂಗೆ ಬೇಕು, ಸೋರಬಾರದು" ಅಂತ. ಆ ಚಿತ್ರದ ಪ್ರಕಾರ ಮಾಡಿದರೆ ಮೊದಲ ಸಲ ತಣಿಸಿದಾಗಲೇ ಸೀಳಿಬಿಡುತ್ತೆ ಅಂತ ನನಗೆ ಗೊತ್ತಾಗೋದು. ಬೆಸುಗೆ ಜಾಗ ಬದಲಿಸಿ, ಕುತ್ತಿಗೆ ಉದ್ದ ಮಾಡಿ ಕೊಡ್ತಿದ್ದೆ. ಕೆಲಸ ಮಾಡೋದು. ಪೇಪರ್ ಬರೋದು. ಕೊನೇ ಸಾಲಿನಲ್ಲಿ "ತಾಂತ್ರಿಕ ಸಿಬ್ಬಂದಿಗೆ ವಂದನೆ". ಒಂದು ಸಲ ಅದರಲ್ಲೂ ನನ್ನ ಇನಿಷಿಯಲ್ ತಪ್ಪಾಗಿತ್ತು. ಮಗಳು ಅದನ್ನೇ ಕಟ್ ಹಾಕಿಸಿ ಗೋಡೆಗೆ ತೂಗು ಹಾಕಿದ್ದಾಳೆ.

ಈಗ ಒನ್ನೆಸ್ ವಿಷಯ. ನಾನು ಅವರ ವಿರುದ್ಧ ಅಲ್ಲ, ಕೇಳಿ. ಆ ಮನುಷ್ಯ 1901ರಲ್ಲಿ ಪ್ರಯೋಗಾಲಯದ ಜೊತೆಗೇ ಉಪಕರಣ ಮಾಡುವವರ ಶಾಲೆ ಕಟ್ಟಿದರು. ಹುಡುಗರು ನೀಲಿ ಅಂಗಿ ಹಾಕೋರು, ಊರಲ್ಲಿ "ನೀಲಿ ಹುಡುಗರು" ಅಂತಲೇ ಹೆಸರು. ಗಾಜು ಊದೋದು, ಲೇತ್, ಬೆಸುಗೆ ಎಲ್ಲ ಕಲಿಸಿದರು. ಆ ಶಾಲೆ ಇವತ್ತಿಗೂ ನಡೀತಿದೆ. ಅವರ ಗಾಜಿನ ಕೆಲಸದ ಮುಖ್ಯಸ್ಥ ಓಸ್ಕರ್ ಕೆಸೆಲ್ರಿಂಗ್. ಹೀಲಿಯಂ ಇಳಿದ ಆ ಪಾತ್ರೆ ಇದೆಯಲ್ಲ, ಗಾಜಿನೊಳಗೆ ಗಾಜು, ನಡುವೆ ನಿರ್ವಾತ, ಸುತ್ತ ದ್ರವ ಜಲಜನಕ, ಅದರ ಸುತ್ತ ದ್ರವ ಗಾಳಿ. ಒಂದು ಬೆಸುಗೆ ಕೈಕೊಟ್ಟರೆ ಮುಗೀತು. ನಾನು ಫೋಟೋ ನೋಡಿ ಕೈ ಮುಗಿದೆ. ಸಿದ್ಧಾಂತಕ್ಕಲ್ಲ, ಆ ಬೆಸುಗೆಗೆ.

ಮೀಟರ್ ರೀಡರ್ ಅಂತೆ.

ತುಂಗಾತೀರ
@ಕೊಳವೆ_ಕೈ ಕ್ಷಮಿಸಿ ಸರ್. ಮಾತಿನ ಭರದಲ್ಲಿ ಬಂತು. ವಾಪಸ್ ತಗೋತೀನಿ.

ಸುಮ್ನೆ_ಓದೋನು
ಈ ವೇದಿಕೆಯಲ್ಲಿ ಯಾರಾದರೂ ಮಾತು ವಾಪಸ್ ತಗೊಂಡದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ಅರ್ಧಜೀವಿ
ನಾನಂತೂ ವಾಪಸ್ ತಗೊಳ್ಳಲ್ಲ. ಇನ್ನೂ ಹೇಳ್ತೀನಿ: ಇದೇ ಒನ್ನೆಸ್ ತನ್ನ ಕೈಕೆಳಗಿದ್ದ ಪೀಟರ್ ಝೇಮನ್‌ನನ್ನು, ಹೇಳಿದ ಕೆಲಸ ಬಿಟ್ಟು ಕಾಂತಕ್ಷೇತ್ರದಲ್ಲಿ ಬೆಳಕಿನ ರೋಹಿತದ ಗೆರೆ ನೋಡಿದ ಅಂತ ಕೆಲಸದಿಂದ ತೆಗೆದುಹಾಕಿದರು. ಅದೇ ಕೆಲಸಕ್ಕೆ ಆ ಹುಡುಗನಿಗೆ 1902ರಲ್ಲಿ ನೊಬೆಲ್ ಬಂತು, ಯಜಮಾನರಿಗಿಂತ 11 ವರ್ಷ ಮೊದಲು! ಹೇಗಿದೆ?

ಐಂಡ್‌ಹೋವನ್_ಕನ್ನಡಿಗ
ಕಥೆ ಚೆನ್ನಾಗಿದೆ. ನಂಬೋಕೆ ಆಗಲ್ಲ. ಝೇಮನ್ 1896ರಲ್ಲಿ ಗೆರೆ ಅಗಲವಾಗೋದನ್ನು ಕಂಡರು. ಅಕ್ಟೋಬರ್ 31ರ ಶನಿವಾರ ಆ ಫಲಿತಾಂಶವನ್ನು ಆಮ್‌ಸ್ಟರ್‌ಡ್ಯಾಮ್‌ನ ಅಕಾಡೆಮಿ ಮುಂದೆ ಮಂಡಿಸಿದ್ದು ಯಾರು? ಸ್ವತಃ ಕಾಮರ್ಲಿಂಗ್ ಒನ್ನೆಸ್. ಸಭೆಯಲ್ಲಿದ್ದ ಲೈಡನ್‌ನ ಸೈದ್ಧಾಂತಿಕ ಭೌತಶಾಸ್ತ್ರಜ್ಞ ಲೊರೆಂಟ್ಸ್ ಕೇಳಿಸಿಕೊಂಡು, ಸೋಮವಾರದ ಹೊತ್ತಿಗೆ ವಿವರಣೆ ಸಿದ್ಧ ಮಾಡಿ ಝೇಮನ್‌ನನ್ನು ಕರೆಸಿ ಹೇಳಿದರು. 1902ರ ನೊಬೆಲ್ ಅವರಿಬ್ಬರಿಗೂ ಸೇರಿ. ಝೇಮನ್ 1897ರ ಶುರುವಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಉಪನ್ಯಾಸಕರಾಗಿ ಹೋದರು. ಒಳ್ಳೆ ಕೆಲಸ ಸಿಕ್ಕಿ ಹೋದದ್ದನ್ನು "ಹೊರಗೆ ಹಾಕಿದರು" ಅಂತ ಕಥೆ ಕಟ್ಟಿದ್ದಾರೆ.

ಗೋಳಿಬಜೆ
ಶನಿವಾರ ಕೇಳಿ ಸೋಮವಾರ ಥಿಯರಿ. ನಾನು ಶನಿವಾರ ಕೇಳಿದ್ದು ಸೋಮವಾರ ನೆನಪೇ ಇರುವುದಿಲ್ಲ.

ಜಮಖಂಡಿ_ಮಂದಿ
ಏನ್ರೀ, ಹೀಲಿಯಂ ಹೀಲಿಯಂ ಅಂತ ಇಷ್ಟ ಬಡಕೊಳ್ಳಾಕತ್ತೀರಿ, ನಮ್ಮೂರ ಹೆಸರ ಒಬ್ರೂ ತಗೀಲಿಲ್ಲಲ್ಲ! 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣ. ಹರ್ಷಲ್ ಮನೆತನದ ಜಾನ್ ಹರ್ಷಲ್ ಅನ್ನೋ ಲೆಫ್ಟಿನೆಂಟ್ ಜಮಖಂಡ್ಯಾಗ ದುರ್ಬೀನ ಹಚ್ಚಿ ಕುಂತಿದ್ದ. ಆವಾಗ ಸೂರ್ಯನೊಳಗ ಹಳದಿ ಗೆರಿ ಕಂಡಿದ್ದು, ಅದ ಹೀಲಿಯಂ. ಲೈಡನ್ನದವ್ರು ನೀರು ಮಾಡಿದ್ರ ಮಾಡ್ಲಿ, ಹುಟ್ಟಿದ್ದು ನಮ್ಮ ಜಮಖಂಡ್ಯಾಗ.

ತುಂಗಾತೀರ
ಜಮಖಂಡಿ ಹೆಸರು ಬಂದದ್ದು ಖುಷಿ, ನಿಜವಾಗಿಯೂ. ಹರ್ಷಲ್ ಅಲ್ಲಿದ್ದದ್ದು ನೂರಕ್ಕೆ ನೂರು ಸತ್ಯ. ಆದರೆ ಸ್ವಲ್ಪ ತಡೀರಿ. ಅವರು ಕಂಡದ್ದು ಮೂರು ಹೊಳೆಯುವ ಗೆರೆ: ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಅಂಚಿನ ಜ್ವಾಲೆಗಳು ಬಿಸಿ ಅನಿಲ ಅಂತ ಅದರಿಂದ ಖಚಿತವಾಯ್ತು, ದೊಡ್ಡ ವಿಷಯವೇ. ಕಿತ್ತಳೆ ಗೆರೆಯನ್ನು ಮಾತ್ರ ಸೋಡಿಯಂನ ಡಿ ಗೆರೆಯ ಜಾಗದ್ದೇ ಅಂತ ಅಳೆದರು. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಯಾನ್ಸೆನ್ ಕೂಡ ಹೊಸ ಮೂಲವಸ್ತು ಅಂತ ಹೇಳಲಿಲ್ಲ. ಸೋಡಿಯಂ ಅಲ್ಲ, ಬೇರೇನೋ ಅನ್ನೋದು ಆಮೇಲೆ ಇಂಗ್ಲೆಂಡಿನಲ್ಲಿ ಖಗೋಳ ವಿಜ್ಞಾನಿ ಲಾಕಯರ್‌ನಿಂದ. ಭೂಮಿ ಮೇಲೆ ಸಿಕ್ಕಿದ್ದು 1895ರಲ್ಲಿ, ರಸಾಯನ ವಿಜ್ಞಾನಿ ರಾಮ್ಸೆ ಕೈಗೆ.

ಜಮಖಂಡಿ_ಮಂದಿ
ಅಂದ್ರ ಬಂದಿತ್ತು, ಗುರುತು ಹಿಡೀಲಿಲ್ಲ ಅಷ್ಟ. ಬೀಗರು ಮನಿ ಮುಂದ ಹಾದು ಹೋದ್ರು, ನಾವು ನೀರು ಕೊಡ್ಲಿಲ್ಲ. ಆತ ಬಿಡ್ರಿ. ಆದ್ರ ಊರ ಹೆಸರ ಇರ್ಲಿ.

ಅರಬ್ಬಿ_ಅಲೆ
ನಾನು ಓದಿದ ಪ್ರಕಾರ ಒನ್ನೆಸ್ ಹೀಲಿಯಂ ತೆಗೆದದ್ದು ನಮ್ಮ ಕೇರಳ ಕರಾವಳಿಯ ಮೊನಾಜೈಟ್ ಮರಳಿನಿಂದ. ಭಾರತದ ಮರಳು, ಹಾಲೆಂಡಿನ ನೊಬೆಲ್!

ಐಂಡ್‌ಹೋವನ್_ಕನ್ನಡಿಗ
@ಅರಬ್ಬಿ_ಅಲೆ ಮೊನಾಜೈಟ್ ಸರಿ, ಕೇರಳ ತಪ್ಪು. ತಿರುವಾಂಕೂರಿನ ಮರಳಿನಲ್ಲಿ ಮೊನಾಜೈಟ್ ಇದೆ ಅಂತ ಗೊತ್ತಾದದ್ದೇ 1909ರಲ್ಲಿ. ಹೀಲಿಯಂ ದ್ರವವಾದದ್ದು 1908. ಲೈಡನ್‌ಗೆ ಬಂದ ಮರಳು ಅಮೆರಿಕದ ನಾರ್ತ್ ಕೆರೋಲಿನಾದ್ದು. ಒನ್ನೆಸ್ ತಮ್ಮ ಒನ್ನೋ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಣಿಜ್ಯ ಮಾಹಿತಿ ಕಚೇರಿಯ ಮುಖ್ಯಸ್ಥನಾಗಿದ್ದ, ಅವನ ಮೂಲಕ ಮೂಟೆಗಟ್ಟಲೆ ತರಿಸಿದರು. (ಹೌದು, ತಮ್ಮನ ಹೆಸರಿನ ಕೊನೆಯಲ್ಲಿ ದೀರ್ಘ ಓ. ನನ್ನನ್ನು ಬೈಬೇಡಿ.)

ಗೋಳಿಬಜೆ
ಮರಳಿಗೆ ಅಲ್ಲಿಯೂ ಇನ್‌ಫ್ಲುಯೆನ್ಸ್ ಬೇಕಿತ್ತು ಅಂತ ಆಯ್ತು. ಪಾಸ್ ಇತ್ತಾ, ರಾತ್ರಿ ಲಾರಿಯಾ?

ಪಿಯು_ಮೇಷ್ಟ್ರು
ದಾರಿ ತಪ್ಪಿದರೂ ಮಜಾ ಬರ್ತಿದೆ. 1908ರ ಆ ದಿನ ಏನಾಯ್ತು ಅಂತ ಯಾರಾದರೂ ಸ್ವಲ್ಪ ಬಿಡಿಸಿ ಹೇಳ್ತೀರಾ? ಕ್ಲಾಸಿನಲ್ಲಿ ಕಥೆ ಥರ ಹೇಳಬಹುದು.

ತುಂಗಾತೀರ
ಹೇಳ್ತೀನಿ, ಇದು ನನಗೂ ಪ್ರಿಯವಾದ ಭಾಗ.

ಹಿನ್ನೆಲೆ: ಹುಟ್ಟಿದ್ದು 1853ರ ಸೆಪ್ಟೆಂಬರ್ 21, ಖ್ರೋನಿಂಗನ್‌ನಲ್ಲಿ. ಅಪ್ಪನದು ಹೆಂಚು-ಇಟ್ಟಿಗೆ ಕಾರ್ಖಾನೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್, ಕಿರ್ಖಾಫ್ ಹತ್ತಿರ ಕಲಿತು ಬಂದರು. 1879ರ ಪಿಎಚ್‌ಡಿ ಭೂಮಿ ತಿರುಗುವುದಕ್ಕೆ ಹೊಸ ಪುರಾವೆಗಳ ಬಗ್ಗೆ, ಲೋಲಕ ತೂಗಾಡಿಸಿ. 1882ರಲ್ಲಿ, 29ನೇ ವಯಸ್ಸಿಗೆ, ಲೈಡನ್‌ನಲ್ಲಿ ಪ್ರಾಧ್ಯಾಪಕ. ಮೊದಲ ಭಾಷಣದಲ್ಲೇ ಒಂದು ಘೋಷವಾಕ್ಯ ಕೊಟ್ಟರು: "ಡೋರ್ ಮೇಟನ್ ಟಾಟ್ ವೇಟನ್".

ಈ ಕೆಲಸದ ಹಿಂದೆ ಇದ್ದದ್ದು ಡಚ್ ಭೌತಶಾಸ್ತ್ರಜ್ಞ ಫಾನ್ ಡರ್ ವಾಲ್ಸ್ ಸಿದ್ಧಾಂತ. ಒಂದು ಅನಿಲದ ಗುಣ ಗೊತ್ತಿದ್ದರೆ ಅಳತೆಗೋಲು ಬದಲಿಸಿ ಇನ್ನೊಂದರ ಗುಣ ಹೇಳಬಹುದು ಅನ್ನೋದು ಅದರ ಸಾರ. ಹಾಗಾಗಿ ಹೀಲಿಯಂ ಸುಮಾರು ಎಷ್ಟು ಉಷ್ಣತೆಗೆ ಬಗ್ಗಿ ದ್ರವವಾಗುತ್ತೆ ಅಂತ ಮೊದಲೇ ಅಂದಾಜು ಇತ್ತು. ಲಂಡನ್ನಿನಲ್ಲಿ ಡ್ಯೂವಾರ್ ಅನ್ನೋ ವಿಜ್ಞಾನಿ ಕೂಡ ಅದೇ ಹಿಂದೆ ಬಿದ್ದಿದ್ದರು, 1898ರಲ್ಲೇ ಜಲಜನಕವನ್ನು ದ್ರವ ಮಾಡಿ ಗೆದ್ದಿದ್ದರು. ಲೈಡನ್‌ಗೆ ಜಲಜನಕ ಬಗ್ಗಿದ್ದು 1906ಕ್ಕೆ. ಎಂಟು ವರ್ಷ ತಡ! ಆದರೆ ಡ್ಯೂವಾರ್‌ದು ಒಬ್ಬಂಟಿ ಕೆಲಸ, ಗುಟ್ಟು, ಜಗಳ. ಹೀಲಿಯಂ ಇದ್ದ ರಾಮ್ಸೆ ಜೊತೆಗೇ ಮಾತಿರಲಿಲ್ಲ. ಒನ್ನೆಸ್ ಕಾರ್ಖಾನೆಯವನ ಮಗ, ನಿಧಾನಕ್ಕೆ ಕಾರ್ಖಾನೆಯನ್ನೇ ಕಟ್ಟಿದರು.

1908ರ ಜುಲೈ 10. ಹಿಂದಿನ ದಿನವೇ 75 ಲೀಟರ್ ದ್ರವ ಗಾಳಿ ಸಿದ್ಧ. ಬೆಳಗಿನ ಜಾವ 5:45ಕ್ಕೆ ಶುರು. ಮೊದಲು ದ್ರವ ಜಲಜನಕ, ಆಮೇಲೆ ಹೀಲಿಯಂ ಸುತ್ತು. ಸಂಜೆಯಾದರೂ ಏನೂ ಕಾಣಿಸ್ತಿಲ್ಲ. ಜಲಜನಕದ ಕೊನೇ ಪಾತ್ರೆಯೂ ಜೋಡಿಸಿಯಾಯ್ತು. ಉಷ್ಣಮಾಪಕ ಒಂದು ಕಡೆ ನಿಂತುಬಿಟ್ಟಿದೆ, ಕೆಳಗಿಳೀತಿಲ್ಲ. ಎಲ್ಲರಿಗೂ ಕೈ ತಪ್ಪಿತು ಅನಿಸಿದೆ. ಆಗ ನೋಡೋಕೆ ಬಂದಿದ್ದ ರಸಾಯನಶಾಸ್ತ್ರದ ಸ್ಖ್ರೈನೆಮಾಕರ್ಸ್ ಹೇಳಿದರು, ಉಷ್ಣಮಾಪಕ ದ್ರವದಲ್ಲಿ ಮುಳುಗಿರೋದಕ್ಕೇ ನಿಂತಿರಬಹುದಲ್ಲ, ಕೆಳಗಿನಿಂದ ದೀಪ ಹಿಡಿದು ನೋಡಿ ಅಂತ. ಹಿಡಿದರು. ಗಾಜಿಗೆ ತಾಗಿ ಚಾಕುವಿನ ಅಲಗಿನಂಥ ಒಂದು ಅಂಚು! ಪಾತ್ರೆ ಹೆಚ್ಚುಕಮ್ಮಿ ತುಂಬಿತ್ತು, ಸುಮಾರು 60 ಮಿಲಿಲೀಟರ್. ಬಣ್ಣವಿಲ್ಲದ ದ್ರವ, ಕಣ್ಣಿಗೆ ಬಿದ್ದೇ ಇರಲಿಲ್ಲ.

ಸುಮ್ನೆ_ಓದೋನು
60 ಮಿಲಿ. ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ.

ಗೋಳಿಬಜೆ
ಲಾರ್ಜ್! ಆನ್ ದಿ ರಾಕ್ಸ್ ಕೊಡ್ಲಿಕ್ಕೆ ಐಸೇ ಕರಗದ ಚಳಿ.

ಕೊಳವೆ_ಕೈ
ದೀಪ ಹಿಡಿದು ನೋಡು ಅಂದದ್ದು ಹೊರಗಿನಿಂದ ಬಂದವರು, ಗಮನಿಸಿ. ಬೆಳಗ್ಗೆಯಿಂದ ಒಂದೇ ಕಡೆ ನೋಡಿದ ಕಣ್ಣಿಗೆ ಇದ್ದದ್ದೂ ಕಾಣಲ್ಲ. ನಮ್ಮಲ್ಲೂ ಸೋರಿಕೆ ಹುಡುಕೋಕೆ ಬೇರೆ ವಿಭಾಗದವರನ್ನು ಕರೀತಿದ್ದೆವು.

ಅರ್ಧಜೀವಿ
ಅದೇ ವರ್ಷ ಮಾರ್ಚ್‌ನಲ್ಲಿ ಇವರೇ ಡ್ಯೂವಾರ್‌ಗೆ "ಹೀಲಿಯಂ ಘನವಾಯ್ತು" ಅಂತ ತಂತಿ ಕಳಿಸಿ, ಆಮೇಲೆ ಒಳಗೆ ಜಲಜನಕ ಬೆರೆತಿತ್ತು ಅಂತ ವಾಪಸ್ ತಗೊಂಡದ್ದನ್ನು ಯಾಕೆ ಬಿಟ್ಟಿರಿ?

ತುಂಗಾತೀರ
ಬಿಟ್ಟದ್ದು ಉದ್ದವಾಯ್ತು ಅಂತ. ತಪ್ಪಾದಾಗ ಬಹಿರಂಗವಾಗಿ ಒಪ್ಪಿಕೊಂಡದ್ದು ನಿಮ್ಮ ಗೇಣಿದಾರ ಸಿದ್ಧಾಂತಕ್ಕೆ ಅಷ್ಟು ಒಗ್ಗಲ್ಲ ಅಲ್ವಾ?

ಹಸಿರುಗಾಜು
ಆ ಘೋಷವಾಕ್ಯ ಕನ್ನಡಕ್ಕೆ? "ಅಳತೆಯಿಂದ ಅರಿವಿಗೆ" ಅನ್ನಬಹುದಾ? ಡಚ್‌ನಲ್ಲಿ ಪ್ರಾಸ ಇದೆ, ಮೇಟನ್-ವೇಟನ್.

ಪಿಯು_ಮೇಷ್ಟ್ರು
"ಅಳೆ, ತಿಳಿ." ಎರಡೇ ಪದ, ಪ್ರಾಸವೂ ಬಂತು. ಲ್ಯಾಬ್ ಬಾಗಿಲ ಮೇಲೆ ಬರೆಸ್ತೀನಿ.

ಜಮಖಂಡಿ_ಮಂದಿ
ನಮ್ಮ ಕಾಲೇಜಿನ ಲ್ಯಾಬಿನ್ಯಾಗ "ಮುಟ್ಟಬ್ಯಾಡ್ರಿ" ಅಂತ ಬರದಿದ್ರು.

ಸುಮ್ನೆ_ಓದೋನು
ನಮ್ಮಲ್ಲಿ ಬೀಗ ಹಾಕಿದ್ದರು. ಬರಹವೇ ಬೇಕಿರಲಿಲ್ಲ.

ಐಂಡ್‌ಹೋವನ್_ಕನ್ನಡಿಗ
ಬೀಗ ಅಂದದ್ದಕ್ಕೆ ನೆನಪಾಯ್ತು, ಒನ್ನೆಸ್ ಪ್ರಯೋಗಾಲಯಕ್ಕೂ ಮೂರು ವರ್ಷ ಬೀಗ ಬಿದ್ದಿತ್ತು. 1807ರ ಜನವರಿಯಲ್ಲಿ ಲೈಡನ್ ಊರ ನಡುವಿನ ಕಾಲುವೆಯಲ್ಲಿ ಸಿಡಿಮದ್ದಿನ ದೋಣಿಯೊಂದು ಸ್ಫೋಟಿಸಿ ನೂರೈವತ್ತರಷ್ಟು ಜನ ಸತ್ತರು, ಬೀದಿಗೆ ಬೀದಿ ನೆಲಸಮ. ಎಷ್ಟೋ ವರ್ಷ ಆ ಜಾಗಕ್ಕೆ "ಪಾಳು" ಅಂತಲೇ ಹೆಸರು. ಪ್ರಯೋಗಾಲಯ ಕಟ್ಟಿದ್ದು ಅದೇ ಪಾಳಿನ ಮೇಲೆ! 1895ರಲ್ಲಿ, ಒಳಗೆ ಒತ್ತಡಕ್ಕೆ ತುಂಬಿದ ಅನಿಲದ ಸಿಲಿಂಡರ್‌ಗಳಿವೆ ಅಂತ ಗೊತ್ತಾದಾಗ ಊರಿನವರು ಬಿಡ್ತಾರಾ? ತಕರಾರು ನಗರಸಭೆಯಿಂದ ಸರ್ಕಾರದವರೆಗೆ ಹೋಗಿ, ಸಮಿತಿ ಕೂತು, ಅನುಮತಿ ಬಂದದ್ದು 1898ರಲ್ಲಿ. ಆ ಸಮಿತಿಯಲ್ಲಿ ಫಾನ್ ಡರ್ ವಾಲ್ಸ್ ಇದ್ದರು. ಒನ್ನೆಸ್ ಪರವಾಗಿ ಲಂಡನ್ನಿಂದ ಪತ್ರ ಬರೆದವರಲ್ಲಿ ಅವರ ಎದುರಾಳಿ ಡ್ಯೂವಾರ್ ಕೂಡ ಒಬ್ಬರು. ಅದೇ 1898ರಲ್ಲಿ ಡ್ಯೂವಾರ್ ಜಲಜನಕ ಗೆದ್ದರು ಅನ್ನೋದು ವಿಧಿಯ ಆಟ.

ಹಸಿರುಗಾಜು
ಊರಿನವರ ಭಯವೂ ಸುಳ್ಳಲ್ಲ. ಡ್ಯೂವಾರ್ ಪ್ರಯೋಗಾಲಯದಲ್ಲಿ ಇಬ್ಬರು ಸಹಾಯಕರು ಸ್ಫೋಟಗಳಲ್ಲಿ ಒಂದೊಂದು ಕಣ್ಣು ಕಳೆದುಕೊಂಡರು.

ಕೊಳವೆ_ಕೈ
ಅವರ ಹೆಸರು ಲೆನಾಕ್ಸ್ ಮತ್ತು ಹೀತ್. ನಾವಾದರೂ ಹೇಳೋಣ.

ಎಂಆರ್‌ಐ_ಮಂಜ
ತಡವಾಗಿ ಬಂದೆ. ನಾನು ಸ್ಕ್ಯಾನಿಂಗ್ ಟೆಕ್ನಿಷಿಯನ್. ನೀವೆಲ್ಲ ಮಾತಾಡ್ತಿರೋ ಆ 4.2 ಕೆಲ್ವಿನ್ ಹೀಲಿಯಂ ದಿನಾ ನನ್ನ ಪಕ್ಕದಲ್ಲೇ ಇರುತ್ತೆ. ಎಂಆರ್‌ಐ ಯಂತ್ರದ ಒಳಗೆ ನಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ, ಅದಕ್ಕೆ ಸಾವಿರ-ಸಾವಿರದೈನೂರು ಲೀಟರ್ ದ್ರವ ಹೀಲಿಯಂ ಸ್ನಾನ. ಒಂದು ಸಲ ಕರೆಂಟ್ ತುಂಬಿದರೆ ಮುಗೀತು, ಸುತ್ತುತ್ತಾನೇ ಇರುತ್ತೆ. ಪೇಷೆಂಟ್ ಹೇಳ್ತಾರೆ, "ಸ್ಕ್ಯಾನ್ ಆಯ್ತಲ್ಲ, ಮ್ಯಾಗ್ನೆಟ್ ಆಫ್ ಮಾಡಿ, ವಾಚ್ ತಗೋತೀನಿ" ಅಂತ. ಆಫ್ ಆಗಲ್ಲಣ್ಣ ಅದು!

ಹಿಂದೆ ನಾನಿದ್ದ ಒಂದು ಸೆಂಟರ್‌ನಲ್ಲಿ ಚಿಲ್ಲರ್ ಕೆಟ್ಟು ಎರಡು ದಿನ ಯಾರೂ ಗಮನಿಸದೆ ಕ್ವೆಂಚ್ ಆಯ್ತು. ಸುರುಳಿ ಒಂದು ಕಡೆ ಬಿಸಿಯಾಗಿ ರೋಧ ವಾಪಸ್ ಬಂತು ಅಂದರೆ ಅಷ್ಟೂ ಹೀಲಿಯಂ ಕುದಿದು ಚಿಮಣಿಯಿಂದ ಹೊರಗೆ. ಮೇಲೆ ಬಿಳಿ ಮೋಡ, ಕೆಳಗೆ ಓನರ್ ತಲೆ ಮೇಲೆ ಕೈ. ಬಿಲ್ ನೋಡಿ ನಮ್ಮ ಸಂಬಳವೂ ಆವಿಯಾಯ್ತು ಎರಡು ತಿಂಗಳು.

ತುಂಗಾತೀರ
@ಎಂಆರ್‌ಐ_ಮಂಜ ಒನ್ನೆಸ್ ಕಂಡ ಕನಸೇ ಅದು. ರೋಧವಿಲ್ಲದ ತಂತಿಯಿಂದ ಭಾರೀ ಕಾಂತ ಮಾಡೋಣ, ಒಂದು ಲಕ್ಷ ಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ), ಅಂತ ಹೊರಟರು. ಸ್ವಲ್ಪ ಕಾಂತಕ್ಷೇತ್ರ ಏರಿದ ಕೂಡಲೇ ಅತಿವಾಹಕತೆಯೇ ಸತ್ತುಹೋಗುತ್ತೆ ಅಂತ ಅವರಿಗೇ ಗೊತ್ತಾಯ್ತು. ಸೀಸ, ತವರದಂಥ ಲೋಹಕ್ಕೆ ಕೆಲವು ನೂರು ಗಾಸ್ ಸಾಕು. ಭಾರೀ ಕ್ಷೇತ್ರ ತಡೆಯೋ ಮಿಶ್ರಲೋಹಗಳಿಗೆ 1960ರ ದಶಕದವರೆಗೆ ಕಾಯಬೇಕಾಯ್ತು.

ಸುತ್ತುತ್ತಲೇ ಇರುವ ಕರೆಂಟನ್ನು ಮಾತ್ರ 1914ರಲ್ಲಿ ಅವರೇ ತೋರಿಸಿದರು. ಸೀಸದ ಸುರುಳಿ, ಬ್ಯಾಟರಿ ಇಲ್ಲ, ಪಕ್ಕದಲ್ಲಿಟ್ಟ ದಿಕ್ಸೂಚಿ ತಿರುಗಿದ್ದು ತಿರುಗಿದ ಹಾಗೇ. ಲೈಡನ್‌ನ ಭೌತಶಾಸ್ತ್ರಜ್ಞ ಎಹ್ರೆನ್‌ಫೆಸ್ಟ್ ನೋಡಿ ಬೆರಗಾಗಿ ಲೊರೆಂಟ್ಸ್‌ಗೆ ಪತ್ರ ಬರೆದರು.

ಕೊಳವೆ_ಕೈ
ಅದರ ಮುಂದಿನ ಕಥೆ ನನ್ನದು. 1932ರಲ್ಲಿ ಸೀಸದ ಉಂಗುರದೊಳಗೆ 200 ಆಂಪಿಯರ್ ಸುತ್ತಿಸಿ, ಹೀಲಿಯಂ ಫ್ಲಾಸ್ಕಿನಲ್ಲಿಟ್ಟು, ಲೈಡನ್‌ನಿಂದ ಲಂಡನ್ನಿಗೆ ವಿಮಾನದಲ್ಲಿ ತಗೊಂಡು ಹೋದವರು ಯಾರು ಗೊತ್ತಾ? ಫ್ಲಿಮ್! ಪ್ರೊಫೆಸರ್ ಹೋಗಿ ಆರು ವರ್ಷ ಆಗಿತ್ತು.

ಗೋಳಿಬಜೆ
ಈಗ ಚೆಕ್-ಇನ್ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಕೂಡ ಬಿಡುವುದಿಲ್ಲ ಏರ್‌ಪೋರ್ಟಿನಲ್ಲಿ.

ಅರ್ಧಜೀವಿ
ಹೋಲ್ಸ್ಟ್ ಏನಾದ? ಧನ್ಯವಾದದ ಸಾಲಿನಲ್ಲೇ ಉಳಿದನಾ?

ಐಂಡ್‌ಹೋವನ್_ಕನ್ನಡಿಗ
ಇಲ್ಲ. 1914ರಲ್ಲಿ ನಮ್ಮ ಐಂಡ್‌ಹೋವನ್‌ಗೆ ಬಂದ. ಬಲ್ಬ್ ಮಾಡ್ತಿದ್ದ ಫಿಲಿಪ್ಸ್ ಕಂಪನಿ ಅವನಿಂದ ಸಂಶೋಧನಾಲಯ ಶುರು ಮಾಡಿಸಿತು, ಅದರ ಮೊದಲ ನಿರ್ದೇಶಕ ಅವನೇ. ದೊಡ್ಡ ಹೆಸರು ಮಾಡಿದ. ಮಂಜ, ನಿಮಗೊಂದು ವಿಷಯ: ಸಾವಿರಾರು ಲೀಟರ್ ಬದಲು ಬರೀ 7 ಲೀಟರ್ ಹೀಲಿಯಂ ಮುಚ್ಚಿಟ್ಟು ಓಡಿಸೋ ಎಂಆರ್‌ಐ ಬಂದಿದೆಯಲ್ಲ, ಅದು ಇದೇ ಕಂಪನಿಯದು.

ಎಂಆರ್‌ಐ_ಮಂಜ
ಓನರ್‌ಗೆ ಹೇಳ್ತೀನಿ. ಕೊಡಿಸಲ್ಲ.

ಹಸಿರುಗಾಜು
ಕೆಲಸ ಹುಡುಕ್ತಿರೋರಿಗೆ ಸಮಾಧಾನಕ್ಕೆ ಒಂದು: 1901ರ ಏಪ್ರಿಲ್‌ನಲ್ಲಿ ಇದೇ ಒನ್ನೆಸ್‌ಗೆ ಒಬ್ಬ ಹುಡುಗ "ನಿಮ್ಮಲ್ಲಿ ಸಹಾಯಕನ ಕೆಲಸ ಇದೆಯಂತೆ" ಅಂತ ಕಾರ್ಡ್ ಬರೆದ. ಉತ್ತರಕ್ಕೆ ಅಂಚೆ ಖರ್ಚು ಕಟ್ಟಿದ ಜವಾಬು ಕಾರ್ಡನ್ನೂ ಜೊತೆಗೇ ಇಟ್ಟಿದ್ದ. ಉತ್ತರ ಬರಲಿಲ್ಲ. ಹುಡುಗನ ಹೆಸರು ಐನ್‌ಸ್ಟೈನ್. 1920ರಲ್ಲಿ ಅದೇ ಲೈಡನ್ ಕರೆದು ವಿಶೇಷ ಪ್ರಾಧ್ಯಾಪಕ ಮಾಡಿತು.

ಸುಮ್ನೆ_ಓದೋನು
ನನ್ನ ಬಯೋಡೇಟಾಕ್ಕೂ ಉತ್ತರ ಬಂದಿಲ್ಲ. ಎಚ್‌ಆರ್‌ಗೆ ಈ ಕೊಂಡಿ ಕಳಿಸ್ತೀನಿ.

ಅರಬ್ಬಿ_ಅಲೆ
ನಿದ್ದೆ ಹೋದ ಹುಡುಗನ ಕಥೆ ಯಾರೂ ಹೇಳಲಿಲ್ಲ? ಹೀಲಿಯಂ ಒತ್ತಡ ನೋಡ್ಕೋ ಅಂತ ಕೂರಿಸಿದ್ದ ನೀಲಿ ಹುಡುಗ ತೂಕಡಿಸಿದ, ಉಷ್ಣತೆ ಮೇಲೇರಿತು, ಹೋಲ್ಸ್ಟ್ ಮೀಟರ್ ಫಟ್ ಅಂತ ಜಿಗೀತು, ಹಾಗೆ ಅತಿವಾಹಕತೆ ಸಿಕ್ಕಿತು ಅಂತ.

ತುಂಗಾತೀರ
ದಂತಕಥೆ ಅಂತ ಇಟ್ಟುಕೊಳ್ಳಿ. ನೋಟ್‌ಬುಕ್‌ನ ಪ್ರಕಾರ ಏಪ್ರಿಲ್ 8ರಂದೇ ಸೊನ್ನೆ ಕಂಡಿದೆ, ತೂಕಡಿಕೆ ಬೇಕಾಗಿಲ್ಲ. ಅದಕ್ಕಿಂತ ಸ್ವಾರಸ್ಯ ಅದೇ ದಿನದ ಇನ್ನೊಂದು ಟಿಪ್ಪಣಿ: ಇನ್ನೂ ತಣಿಸುತ್ತಾ ಹೋದಾಗ ಹೀಲಿಯಂ ಕುದಿಯೋದು ತಟ್ಟನೆ ನಿಂತಿತು ಅಂತ ಬರೆದಿದ್ದಾರೆ. ಅದು ಅತಿದ್ರವತೆ, ದ್ರವ ಒಂಚೂರೂ ತಡೆಯಿಲ್ಲದೆ ಹರಿಯೋ ಸ್ಥಿತಿ! ಸುಮಾರು 2.2 ಕೆಲ್ವಿನ್ ಕೆಳಗೆ ಆಗೋದು. 1930ರ ದಶಕದವರೆಗೆ ಅದೇನು ಅಂತ ಯಾರಿಗೂ ಅರ್ಥವಾಗಲಿಲ್ಲ. ಒಂದೇ ದಿನ ಎರಡು ಬಾಗಿಲು ತೆರೆದಿತ್ತು, ಒಂದರಲ್ಲಿ ಮಾತ್ರ ಒಳಗೆ ಹೋದರು.

ಜಮಖಂಡಿ_ಮಂದಿ
ಅವ್ರಿಗೂ ಬೀಗರು ಹಾದು ಹೋದ್ರು ಅನ್ರಿ!

ಹಸಿರುಗಾಜು
ಇದನ್ನೆಲ್ಲ ಓದ್ತಿದ್ದರೆ ನಮ್ಮ ಬೆಂಗಳೂರಿನದೇ 2018ರ ಗದ್ದಲ ನೆನಪಾಗುತ್ತೆ. ಚಿನ್ನ-ಬೆಳ್ಳಿಯ ನ್ಯಾನೊ ಕಣದಲ್ಲಿ ಕೋಣೆಯ ಉಷ್ಣತೆಗೇ ಅತಿವಾಹಕತೆ ಅಂತ ಐಐಎಸ್‌ಸಿಯಿಂದ ಪ್ರಬಂಧ ಬಂತು. ಎರಡು ಬೇರೆ ಅಳತೆಗಳಲ್ಲಿ ಒಂದೇ ಥರದ ನಾಯ್ಸ್ (ಅಡ್ಡಾದಿಡ್ಡಿ ಏರಿಳಿತ) ಕಾಣ್ತಿದೆಯಲ್ಲ ಅಂತ ಹೊರಗಿನವರು ಕೇಳಿದರು. 2023ರಲ್ಲಿ ಅಂಥದ್ದೇ ಅತಿವಾಹಕ ಅಂತ ಕೊರಿಯಾದ ಎಲ್‌ಕೆ-99 ಬಂತು, ಹೋಯ್ತು.

ಅರ್ಧಜೀವಿ
ಅದನ್ನು ಇಲ್ಲಿ ಶುರು ಮಾಡಬೇಡಿ, ಇನ್ನೂ ಮುನ್ನೂರು ಉತ್ತರ ಬರುತ್ತೆ.

ಕೊಳವೆ_ಕೈ
ಹೋಗೋ ಮುಂಚೆ ಒಂದು. ಒನ್ನೆಸ್ 1926ರ ಫೆಬ್ರವರಿ 21ಕ್ಕೆ ತೀರಿಕೊಂಡರು. ಶವದ ಗಾಡಿ ಊರಾಚೆ ಹೋಗಬೇಕಿತ್ತು, ಹೊತ್ತಾಗಿತ್ತು, ಗಾಡಿಯವನು ಓಡಿಸಿದ. ಹಿಂದೆ ಪ್ರಯೋಗಾಲಯದ ಕೆಲಸಗಾರರು, ಕರಿ ಕೋಟು, ಎತ್ತರದ ಟೋಪಿ, ಬೆವರು ಸುರಿಸ್ತಾ ದಾಪುಗಾಲು. ಆಗ ಫ್ಲಿಮ್ ಅಂದರಂತೆ, "ಮುದುಕ ಈಗಲೂ ನಮ್ಮನ್ನ ಓಡಿಸ್ತಿದಾನೆ ನೋಡು" ಅಂತ. ನಮ್ಮ ಹಳೇ ಸಾಹೇಬರು ಹೋದಾಗ ನಾನೂ ಹೆಚ್ಚುಕಮ್ಮಿ ಅದನ್ನೇ ಅಂದಿದ್ದೆ. ಬೈಗುಳ ಅಲ್ಲ ಅದು. ಪೂರ್ತಿ ಹೊಗಳಿಕೆಯೂ ಅಲ್ಲ.

ಪಿಯು_ಮೇಷ್ಟ್ರು
ಸೋಮವಾರದ ವರದಿ: ಬೋರ್ಡಿನ ಮೇಲೆ ಹಳೇ ಸಾಲು ಬರೆದು, ಅಳಿಸಿ, ನಾಲ್ಕು ಹೆಸರು ಬರೆದೆ. ಒನ್ನೆಸ್, ಫ್ಲಿಮ್, ಡೋರ್ಸ್‌ಮನ್, ಹೋಲ್ಸ್ಟ್. ಯಾರು ಎಲ್ಲಿ ನಿಂತಿದ್ದರು ಅಂತ ಕೋಣೆಗಳ ಚಿತ್ರ ಹಾಕಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಸರ್, ಪರೀಕ್ಷೆಯಲ್ಲಿ ಯಾರ ಹೆಸರು ಬರೀಬೇಕು?" ಅಂದಳು.

ತುಂಗಾತೀರ
ಏನಂದಿರಿ?

ಪಿಯು_ಮೇಷ್ಟ್ರು
ಕಾಮರ್ಲಿಂಗ್ ಒನ್ನೆಸ್ ಅಂದೆ. ಒಂದು ಮಾರ್ಕಿನ ಪ್ರಶ್ನೆ ಅದು, ನಾಲ್ಕು ಹೆಸರಿಗೆ ಜಾಗ ಇರಲ್ಲ.

ಐಂಡ್‌ಹೋವನ್_ಕನ್ನಡಿಗ
ಹ್ರಸ್ವ ಒ ತಾನೇ?